ಟಬ್ಬಿನ ಗದ್ದೆ

ನೇಜಿ ರೆಕಾರ್ಡ್ಸ್ ಬದುಕಿದ್ದು ಒಟ್ಟು ಹದಿನಾಲ್ಕು ತಿಂಗಳು. ಅದರ ಚರಿತ್ರೆ ಹೇಳಬೇಕಾದರೆ ನಮ್ಮ ಮನೆಯ ಫ್ರಿಜ್ಜಿನಿಂದಲೇ ಶುರು ಮಾಡಬೇಕು.

ಕಾಪುವಿನಲ್ಲಿ ಹೈವೇ ಬಿಟ್ಟು ಎರಡು ಗದ್ದೆ ದಾಟಿದರೆ ನಮ್ಮ ಮನೆ. ಅಣ್ಣ ಶೈಲೇಶ್ ಮಣಿಪಾಲದಲ್ಲಿ ಓದಿದವನು. ಅಲ್ಲಿ ಅವನಿಗೆ ಉದ್ಯಾವರದ ಕಾರ್ಲ್ ದೋಸ್ತಿಯಾದ. ಕಾರ್ಲನ ಅಪ್ಪ ಕುವೈಟಿನಲ್ಲಿ. ಹಾಗಾಗಿ ಅವನ ಕೈಯಲ್ಲಿ ಸ್ವಲ್ಪ ದುಡ್ಡು, ಅಣ್ಣನ ಬಾಯಲ್ಲಿ ಬೇಕಾದಷ್ಟು ಮಾತು. ಇಬ್ಬರೂ ಸೇರಿ ಹಾಡಿನ ಕಂಪೆನಿ ಮಾಡಿದರು. ಸಿನೆಮಾ ಹಾಡಲ್ಲ, ಊರಿನ ಹಾಡು. ಅದನ್ನು ಹಳೇ ಕಾಲದ ಕಪ್ಪು ತಟ್ಟೆ ರೆಕಾರ್ಡಿನಲ್ಲಿ ಅಚ್ಚು ಹಾಕಿಸಿ ಬೆಂಗಳೂರಿನವರಿಗೆ, ಫಾರಿನಿನವರಿಗೆ ಮಾರುವುದು. ಸ್ಟುಡಿಯೋ ನಮ್ಮ ಮನೆಯ ಚಾವಡಿ. ಮೈಕ್ ಹಿಡಿಯುವವನು ನಾನು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಟಪಾಡಿಯ ಸ್ಯಾಮ್ಸನ್ ಸೌಂಡ್ಸ್‌ನಲ್ಲಿ ಸ್ಪೀಕರ್ ಹೊತ್ತು ಹೊತ್ತು ಮೈಕಿನ ಕೆಲಸ ಕಲಿತವನು. "ಓದದಿದ್ದರೆ ಎಂತಾಯಿತು, ನಿನಗೆ ಕಿವಿ ಉಂಟು ಸುಕೇಶ್," ಎಂದ ಅಣ್ಣ. ಅಷ್ಟಕ್ಕೇ ನಾನು ನಾಯಿಯ ಹಾಗೆ ಬಾಲ ಅಲ್ಲಾಡಿಸಿದೆ. ಈಗ ನೆನೆಸಿಕೊಂಡರೆ ಉಗುಳುವ ಅನಿಸುತ್ತದೆ.

ರೆಕಾರ್ಡಿಂಗ್ ಇದ್ದ ದಿನ ಮನೆಯಲ್ಲಿ ಫ್ಯಾನ್ ಬಂದ್, ಮಿಕ್ಸಿ ಬಂದ್. ಕುಕ್ಕರ್ ಸೀಟಿ ಹೊಡೆಯಬಾರದು, ಕೋಳಿಗಳನ್ನು ಗೂಡಿಗೆ ಹಾಕಬೇಕು. ಫ್ರಿಜ್ಜು ಗುಂಯ್‌ಗುಡುತ್ತದೆಂದು ಅದರ ಪ್ಲಗ್ಗನ್ನೂ ಎಳೆಯುವುದು. ಎಳೆದದ್ದನ್ನು ಮತ್ತೆ ಹಾಕಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಮೊದಲನೇ ವಾರವೇ ಎರಡು ಕಿಲೋ ಬಂಗುಡೆ ಹಾಳಾಯಿತು. ಮರುದಿನ ಬೆಳಿಗ್ಗೆ ಅಮ್ಮ ಬಾಗಿಲು ತೆರೆದಾಗ ನೀರು ಹಳದಿಯಾಗಿ ನೆಲಕ್ಕಿಳಿಯಿತು. ಮನೆಯಿಡೀ ನಾತ.

"ಇದು ಮನೆಯಾ, ಮಲ್ಪೆ ಬಂದರಾ?" ಎಂದು ಅಪ್ಪ ಹಾರಾಡಿದರು. ಅಪ್ಪ ಉಮಾನಾಥ ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವರು. ಊಟದ ಹೊತ್ತಿಗೆ ಸರಿಯಾಗಿ ಮೀನು ಇರಬೇಕು ಅವರಿಗೆ.

"ಕಲೆಗೆ ಸ್ವಲ್ಪ ತ್ಯಾಗ ಬೇಕಪ್ಪ," ಎಂದ ಅಣ್ಣ.

"ನಿನ್ನ ಕಲೆಗೆ ನಿನ್ನ ಕಿಡ್ನಿ ತ್ಯಾಗ ಮಾಡು. ನನ್ನ ಬಂಗುಡೆಯನ್ನು ಯಾಕೆ ಮಾಡುತ್ತಿ?"

ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಫ್ರಿಜ್ಜು ತೊಳೆದಳು. ಆ ಹದಿನಾಲ್ಕು ತಿಂಗಳೂ ನಮ್ಮ ಅಮ್ಮ ಕುಶಲಾ ಮಾಡಿದ್ದು ಅದೇ. ನಾವು ಗಲೀಜು ಮಾಡುವುದು, ಅವಳು ತೊಳೆಯುವುದು.

ಮೊದಲನೇ ರೆಕಾರ್ಡು ನಿಟ್ಟೆ ಹಾಸ್ಟೆಲಿನ ನಾಲ್ಕು ಹುಡುಗರದ್ದು. ಗಿಟಾರ್, ಕಿರುಚಾಟ. ಯಾರೂ ತೆಗೆದುಕೊಳ್ಳಲಿಲ್ಲ. ಎರಡನೆಯದು ಪೆರ್ಡೂರಿನ ಒಬ್ಬರು ಮುದುಕರ ಕೊಳಲು. ಅದನ್ನು ಅವರ ಅಳಿಯ ಒಬ್ಬನೇ ತೆಗೆದುಕೊಂಡ. ಕಾರ್ಲನ ಮುಖ ಸಣ್ಣದಾಯಿತು. ಅಣ್ಣ ಚಾವಡಿಯಲ್ಲಿ ಅತ್ತಿತ್ತ ನಡೆದು ನಡೆದು ಕೊನೆಗೆ ಅಜ್ಜಿಯ ಮುಂದೆ ನಿಂತ.

ಅಜ್ಜಿ ಎಂದರೆ ಅಪ್ಪನ ತಾಯಿ. ಎಂಬತ್ತೆರಡು ವರ್ಷ. ಅಡಿಕೆ ಕುಟ್ಟಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಪ್ರಾಯದಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಇಪ್ಪತ್ತು ಹೆಂಗಸರಿಗೆ ಹಾಡು ಎತ್ತಿಕೊಡುತ್ತಿದ್ದವಳಂತೆ.

"ಅಜ್ಜಿ, ಆ ಗದ್ದೆ ಹಾಡು ಒಮ್ಮೆ ಹೇಳಿ. ರೆಕಾರ್ಡು ಮಾಡುವ," ಎಂದ ಅಣ್ಣ.

"ಇಲ್ಲಿಯಾ? ಸಿಮೆಂಟಿನ ಮೇಲಾ?" ಅಜ್ಜಿ ನಕ್ಕಳು. "ಕಾಲು ಕೆಸರಿನಲ್ಲಿ ಇಲ್ಲದಿದ್ದರೆ ಆ ಹಾಡು ಬಾಯಿಗೆ ಬರುವುದಿಲ್ಲ ಮಗ. ಒಣಗಿದ ಕಾಲಿನಲ್ಲಿ ಹೇಳಲೂಬಾರದು."

ಗದ್ದೆಗೇ ಕರೆದುಕೊಂಡು ಹೋಗುವ ಎಂದರೆ ಅಲ್ಲಿ ಹೈವೇ ಲಾರಿಗಳ ಹಾರ್ನ್. ಆಗ ಅಣ್ಣನಿಗೆ ಬುದ್ಧಿ ಹೊಳೆಯಿತು. ಅಮ್ಮ ಬಟ್ಟೆ ನೆನೆಸುವ ನೀಲಿ ಟಬ್ಬಿನಲ್ಲಿ ಗದ್ದೆಯನ್ನೇ ಚಾವಡಿಗೆ ತರುವುದು!

ಡಿಸೆಂಬರ್ ತಿಂಗಳ ಕೊನೆ. ಹಿಂದಿನ ಗದ್ದೆಯಲ್ಲಿ ಸುಗ್ಗಿ ಎಂಬ ಎರಡನೇ ಬೆಳೆಗೆ ಉತ್ತಿದ್ದರು. ಅಮ್ಮ ಅಲ್ಲಿಂದ ಎರಡು ಬಕೆಟ್ ಕೆಸರು ಹೊತ್ತು ತಂದಳು. ಬಾವಿಯ ನೀರು ಸೇರಿಸಿದಳು. ಅಜ್ಜಿ ಸ್ಟೂಲಿನ ಮೇಲೆ ಕೂತು, ಸೀರೆ ಮೊಣಕಾಲಿಗೆ ಎತ್ತಿ, ಕಾಲಿಟ್ಟಳು. ಮುಖ ನೋಡಬೇಕಿತ್ತು ಅವಳದ್ದು.

"ಹಾಂ, ಇದು ಗದ್ದೆ," ಎಂದಳು.

ಇನ್ನೊಂದು ಕಟ್ಟಳೆ ಇತ್ತು. ಎತ್ತಿದ ಹಾಡನ್ನು ಅಜ್ಜಿ ಮಧ್ಯದಲ್ಲಿ ಬಿಡುವವಳಲ್ಲ. ಸಾಲು ಅರ್ಧಕ್ಕೆ ನಿಂತರೆ ಗದ್ದೆಯೂ ಅರ್ಧಕ್ಕೆ ನಿಲ್ಲುತ್ತದಂತೆ. ಹಾಡು ಹನ್ನೊಂದು ನಿಮಿಷದ್ದು. ಮೂರನೇ ನಿಮಿಷದಲ್ಲಿ ಲಾರಿ ಹಾರ್ನ್ ಹೊಡೆದು ರೆಕಾರ್ಡು ಹಾಳಾದರೂ ಅವಳು ಕೊನೆಯವರೆಗೆ ಹೇಳಿಯೇ ತೀರಬೇಕು. ಮತ್ತೆ ಮೊದಲಿನಿಂದ. ಹೈವೇಗೆ ಇದು ಗೊತ್ತುಂಟಾ? ಮೂರು ದಿನ ಹೀಗೆ ನಡೆಯಿತು. ಮೂರನೇ ದಿನ ಮಧ್ಯಾಹ್ನ ಎರಡಕ್ಕೆ ಇಟ್ಟ ಕಾಲನ್ನು ಅಜ್ಜಿ ಟಬ್ಬಿನಿಂದ ತೆಗೆದದ್ದು ಸಂಜೆ ಏಳಕ್ಕೆ.

ಹಾಡು ಸಿಕ್ಕಿತು. ಒಂದು ಹಾರ್ನ್ ಇಲ್ಲ, ಒಂದು ಕಾಗೆ ಇಲ್ಲ. ಸ್ವರದ ಅಡಿಯಲ್ಲಿ ನೀರಿನ ಚುಳುಚುಳು. ಕಾರ್ಲ್ ನನ್ನ ಬೆನ್ನು ತಟ್ಟಿದ.

ನಾಲ್ಕನೇ ದಿನ ಅಜ್ಜಿಗೆ ಜ್ವರ ಬಂತು. ಅಮ್ಮ ಮೆಣಸಿನ ಕಷಾಯ ಕೊಟ್ಟಳು, ಗಂಜಿ ತಿಳಿ ಕುಡಿಸಿದಳು. ಇಳಿಯಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಒಂಬತ್ತು ದಿನ ಇದ್ದಳು. ಹತ್ತನೇ ದಿನ ಕರೆದುಕೊಂಡು ಬಂದದ್ದು ಆಂಬುಲೆನ್ಸಿನಲ್ಲಿ, ಮುಖ ಮುಚ್ಚಿ.

ಆಸ್ಪತ್ರೆಯಲ್ಲಿಯೇ ಮಾತು ಹುಟ್ಟಿತ್ತು. ಅಪ್ಪನ ತಂಗಿ ವಾರಿಜತ್ತೆ ಕಾರ್ಕಳದಿಂದ ಓಡಿಬಂದವರು ಅಜ್ಜಿಯ ಚಾದರ ಸರಿಮಾಡುವಾಗ ಅಂಗಾಲು ನೋಡಿದರು. ಚರ್ಮ ಸುಲಿದಿತ್ತು. "ಎಂತಮ್ಮ ಇದು?" ಎಂದು ಕೇಳಿದರೆ ಜ್ವರದ ಅಮಲಿನಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: "ಕುಶಲಾ ಟಬ್ಬು ತಂದಳು."

ಅತ್ತೆ ಅಮ್ಮನ ಕಡೆಗೆ ತಿರುಗಿದರು. "ಅತ್ತಿಗೆ, ಎಂಬತ್ತೆರಡು ವರ್ಷದವರನ್ನು ತಣ್ಣೀರಿನಲ್ಲಿ ಕೂರಿಸಿದ್ದಾ? ನಿಮಗೆ ಅಮ್ಮ ಅಷ್ಟು ಭಾರವಾಗಿದ್ದರೆ ನನಗೆ ಒಂದು ಫೋನ್ ಮಾಡಬೇಕಿತ್ತು."

ಅಮ್ಮ ಬಾಯಿ ತೆರೆದಳು. ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು.

"ಕಾಲು ಒದ್ದೆಯಾದರೆ ನ್ಯುಮೋನಿಯಾ ಬರುವುದಿಲ್ಲ ಅತ್ತೆ, ಅದಕ್ಕೆ ರೋಗಾಣು ಬೇಕು," ಎಂದಳು ತಂಗಿ ತನ್ವಿ. ಅವಳು ಉಡುಪಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

"ಓದಿದ್ದು ನಿನ್ನ ಪರೀಕ್ಷೆಗೆ ಬರೆ. ನನ್ನ ತಾಯಿಯ ಕಾಲು ನಾನು ನೋಡಿದ್ದೇನೆ."

ಅಣ್ಣ ಆಗ ಕಿಟಕಿಯ ಹತ್ತಿರ ನಿಂತು ಫೋನು ಒತ್ತುತ್ತಿದ್ದ. ರೆಕಾರ್ಡು ಅಚ್ಚಿಗೆ ಹೋಗಬೇಕಿತ್ತಲ್ಲ.

ಏಪ್ರಿಲಿನಲ್ಲಿ ರಟ್ಟಿನ ಪೆಟ್ಟಿಗೆಗಳು ಬಂದವು. ಮುನ್ನೂರು ರೆಕಾರ್ಡು. ಅದರ ಕವರ್ ನೋಡಿದೆ. ಅಜ್ಜಿಯ ಮುಖವಿಲ್ಲ. ಕಾಲು! ನೀಲಿ ಟಬ್ಬು, ಕೆಸರುನೀರು, ಅದರಲ್ಲಿ ಸುಕ್ಕುಗಟ್ಟಿದ ಎರಡು ಬಿಳಿ ಕಾಲು. ಟಬ್ಬಿನ ಅಂಚು ಹಿಡಿದ ಇನ್ನೊಬ್ಬರ ಕೈ, ಹಸಿರು ಗಾಜಿನ ಬಳೆಯದ್ದು. ಅಮ್ಮನ ಕೈ. ಅಜ್ಜಿ ಸತ್ತ ಮೇಲಿನ ಕವರಿದು, ಆ ಕಾಲಿನ ಮಾತು ಗೊತ್ತಿದ್ದೂ ಮಾಡಿದ್ದು.

"ಎಷ್ಟು ಪವರ್‌ಫುಲ್ ಉಂಟು ನೋಡು," ಎಂದ ಅಣ್ಣ.

"ಮುಖ ಹಾಕಲಿಕ್ಕೆ ಎಂತಾಗಿತ್ತು ನಿನಗೆ?"

"ಮುಖ ಎಲ್ಲರೂ ಹಾಕುತ್ತಾರೆ ಮಾರಾಯ."

ಹಿಂದೆ ತಿರುಗಿಸಿ ನೋಡಿದೆ. ನಿರ್ಮಾಣ: ಶೈಲೇಶ್, ಕಾರ್ಲ್. ಫೋಟೋ: ಕಾರ್ಲ್. ಕೃತಜ್ಞತೆಯಲ್ಲಿ ಬೆಂಗಳೂರಿನ ಹನ್ನೆರಡು ಜನ. ಮೈಕ್ ಹಿಡಿದವನ ಹೆಸರು ಎಲ್ಲಿಯೂ ಇಲ್ಲ. ಒಬ್ಬ ವಿಮರ್ಶಕ ಬರೆದಿದ್ದನಂತೆ, ಈ ತಟ್ಟೆಯಲ್ಲಿ ಹಾಡಿಗಿಂತ ಆ ನೀರಿನ ಶಬ್ದವೇ ಅದ್ಭುತ ಎಂದು. ಅಣ್ಣ ಅದನ್ನು ಊಟಕ್ಕೆ ಕೂತಾಗ ಓದಿ ಹೇಳಿದ. ಆ ಶಬ್ದ ನನ್ನದು! ಮೈಕನ್ನು ಟಬ್ಬಿನ ಅಂಚಿಗೆ ನಾಲ್ಕು ಬೆರಳು ದೂರ ಇಟ್ಟವನು ನಾನು. ಬಟ್ಟಲನ್ನು ದೂಡಿ ಎದ್ದುಹೋದೆ. ಅಮ್ಮ ಹಿಂದೆಯೇ ಬಂದು, "ಬಸಳೆ ಹುಳಿ ಹಾಗೇ ಬಿಟ್ಟಿಯಲ್ಲ," ಎಂದಳು. ಅವಳಿಗೆ ಯಾವಾಗಲೂ ಹುಳಿಯ ಚಿಂತೆ.

ಒಂದು ಬಿಟ್ಟು ಉಳಿದವೆಲ್ಲ ಖರ್ಚಾದವು. ಆ ಒಂದು ನಮ್ಮ ಮನೆಯಲ್ಲಿ ಉಳಿಯಿತು. ಅದನ್ನು ಹಾಕಿ ಕೇಳುವ ಮಿಷನ್ನು ಕಾಪುವಿನಲ್ಲಿ ಯಾರ ಹತ್ತಿರವೂ ಇಲ್ಲ. ಅಪ್ಪ ಅದನ್ನು ಟಿ.ವಿ. ಮೇಲೆ ಇಟ್ಟರು. ಅಮ್ಮ ಕವರನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು.

ಆದರೆ ಫೋಟೋ ವಾಟ್ಸಾಪಿನಲ್ಲಿ ಕಾರ್ಕಳಕ್ಕೆ ಹೋಗಿಯಾಗಿತ್ತು. ವಾರಿಜತ್ತೆ ಹಸಿರು ಬಳೆಯ ಸುತ್ತ ಕೆಂಪು ಗೆರೆ ಎಳೆದು ಕುಟುಂಬದ ಗ್ರೂಪಿಗೆ ಹಾಕಿದರು. ಒಂದು ಅಕ್ಷರ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಆಮೇಲೆ ಮದುವೆ, ಗೃಹಪ್ರವೇಶ ಎಲ್ಲಿ ಹೋದರೂ ಹೆಂಗಸರು ಅಮ್ಮನ ಕೈ ನೋಡುತ್ತಿದ್ದರು. ಉದ್ಯಾವರದ ಮದುವೆಯೊಂದರಲ್ಲಿ ಯಾರೋ ಮುದುಕಿ, "ಇವಳೇ ಅಲ್ವಾ ಟಬ್ಬಿನವಳು?" ಎಂದು ಗಟ್ಟಿಯಾಗಿಯೇ ಕೇಳಿದಳು. ಮನೆಗೆ ಬಂದ ಅಮ್ಮ ಬಳೆ ಬಿಚ್ಚಿ ಡಬ್ಬಕ್ಕೆ ಹಾಕಿದಳು. ಮತ್ತೆ ಹಾಕಲಿಲ್ಲ. ಗಂಡ ಇರುವ ಹೆಂಗಸು ಬರಿಗೈಯಲ್ಲಿ!

"ಬಳೆ ಹಾಕು ಮಾರಾಯ್ತಿ, ನಾನು ಸತ್ತಿದ್ದೇನಾ?" ಎಂದರು ಅಪ್ಪ.

"ಕೈ ಊದಿದೆ," ಎಂದಳು.

ನಾನು ಅಣ್ಣನನ್ನು ಬಾವಿಕಟ್ಟೆಯ ಹತ್ತಿರ ಹಿಡಿದೆ. "ಅತ್ತೆಗೆ ಹೇಳು. ಹಠ ಹಿಡಿದದ್ದು ನೀನು ಎಂದು ಹೇಳು."

"ಈಗ ಹೇಳಿದರೆ ಅಜ್ಜಿ ವಾಪಸ್ಸು ಬರುತ್ತಾಳಾ?"

"ಅಮ್ಮನ ಮರ್ಯಾದೆ ವಾಪಸ್ಸು ಬರುತ್ತದೆ."

"ನೀನು ಸ್ವಲ್ಪ ತಗ್ಗಿ ಮಾತಾಡು ಸುಕೇಶ್. ನಿನಗೆ ಇದೆಲ್ಲ ಅರ್ಥ ಆಗುವುದಿಲ್ಲ."

ಅರ್ಥ ಆಗುವುದಿಲ್ಲ! ಒಂಬತ್ತನೇ ಕ್ಲಾಸು ಅಲ್ಲವಾ. ಅವನ ಕೊರಳಪಟ್ಟಿ ಹಿಡಿದೆ. ಅಮ್ಮ ಓಡಿಬಂದು ನನ್ನ ಕೈ ಬಿಡಿಸಿದಳು. ಅವನ ಕೈಯಲ್ಲ, ನನ್ನದು. "ಬಿಡು ಮಗ. ಆದದ್ದು ಆಯಿತು. ಕೆದಕಬೇಡ," ಎಂದಳು. ನನಗೆ ಅವಳ ಮೇಲೂ ಹೇಸಿಗೆಯಾಯಿತು. ಒದೆ ತಿಂದು ಒದ್ದವನ ಕಾಲು ಒರೆಸುವ ಜನ್ಮ!

ನವೆಂಬರಿನಲ್ಲಿ ಕಂಪೆನಿ ಮುಗಿಯಿತು. ಮುಂಬಯಿಯ ದೊಡ್ಡ ಸಂಗೀತ ಕಂಪೆನಿಯೊಂದು ನೇಜಿಯ ಹಾಡುಗಳನ್ನೆಲ್ಲ ತೆಗೆದುಕೊಂಡು ಅಣ್ಣನಿಗೆ ಕೆಲಸವನ್ನೂ ಕೊಟ್ಟಿತು. ಕಾರ್ಲನಿಗೆ ಹೇಳದೆಯೇ ಸಹಿ ಹಾಕಿ ಬಂದಿದ್ದ. ಕಾರ್ಲ್ ನಮ್ಮ ಅಂಗಳದಲ್ಲಿ ನಿಂತು ಬೊಬ್ಬೆ ಹಾಕಿದ. "ನಿನ್ನ ಅಜ್ಜಿಯನ್ನೂ ಮಾರಿದೆ, ನನ್ನನ್ನೂ ಮಾರಿದೆ!" ಅಪ್ಪ ಅವನಿಗೆ ಚಾ ಕುಡಿಯಲು ಹೇಳಿದರು. ಅವನು ಕುಡಿಯದೆ ಹೋದ. ಹಾರ್ಡ್ ಡಿಸ್ಕು, ಕಂಪ್ಯೂಟರು ಎಲ್ಲ ಪಾರ್ಸೆಲ್ ಆಗಿ ಮುಂಬಯಿಗೆ ಹೋದವು. ಹದಿನಾಲ್ಕು ತಿಂಗಳಿಗೆ ಚಾವಡಿಯಲ್ಲಿ ಉಳಿದದ್ದು ಗೋಡೆಗೆ ಅಂಟಿಸಿದ ಸ್ಪಂಜು. ಅದರೊಳಗೆ ಜಿರಳೆ ಮರಿ ಹಾಕಿದ್ದವು.

ಅಜ್ಜಿಯ ವರ್ಷಾಂತಿಕ ಜನವರಿ ಹನ್ನೆರಡಕ್ಕೆ. ಅದಕ್ಕೆ ಹತ್ತು ದಿನ ಮೊದಲು ಅತ್ತೆಯ ಫೋನು ಬಂತು. ಅಪ್ಪ ಸ್ಪೀಕರಿಗೆ ಹಾಕಿ ಮಾತಾಡುವವರು. ಮನೆಯವರೆಲ್ಲ ಕೇಳಿದೆವು.

"ಅಣ್ಣ, ವರ್ಷಾಂತಿಕಕ್ಕೆ ಬರುತ್ತೇನೆ. ಅಮ್ಮನದ್ದು ಎಂದು ಬರುವುದು. ಮತ್ತೊಂದು, ಮಗಳ ಬಯಕೆ ಶಾಸ್ತ್ರ ಇಪ್ಪತ್ತಮೂರಕ್ಕೆ ಇಟ್ಟಿದ್ದೇವೆ. ನೀವು ಬನ್ನಿ, ಮಕ್ಕಳನ್ನು ಕರೆದುಕೊಂಡು ಬನ್ನಿ. ಅತ್ತಿಗೆ ಬರುವುದು ಬೇಡ. ಬಸುರಿಗೆ ಮಡಿಲು ತುಂಬಿಸುವಾಗ ಆ ಕೈ ಬೇಡ."

ಅಪ್ಪ, "ಹಾಗೆಲ್ಲ ಹೇಳಬಾರದು ವಾರಿಜ," ಎಂದರು, ಅಷ್ಟೇ. ತಂಗಿಗೆ ಹೆದರುವ ಗಂಡಸು! ಅಮ್ಮ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆ ಹುಡುಗಿಯನ್ನು ಸಣ್ಣದಿರುವಾಗ ಆರು ತಿಂಗಳು ಇದೇ ಮನೆಯಲ್ಲಿ ಮೀಯಿಸಿ, ಉಣ್ಣಿಸಿ ಸಾಕಿದ ಕೈ ಅದು.

ನಾನು ಆವತ್ತೇ ಬೈಕ್ ಹತ್ತಿ ಉದ್ಯಾವರಕ್ಕೆ ಹೋದೆ. ಕಾರ್ಲನ ತಾಯಿ ಬರ್ತಾ ಬಾಯಿ ಬಾಗಿಲು ತೆರೆದು, "ಆ ಶೈಲೇಶನ ತಮ್ಮ ಅಲ್ವಾ? ಇನ್ನು ಎಂತ ಬಾಕಿ ಉಂಟು ತೆಗೆದುಕೊಂಡು ಹೋಗಲಿಕ್ಕೆ?" ಎಂದರು.

ಕಾರ್ಲ್ ಮಾತ್ರ ಒಳಗೆ ಕರೆದ. ಅವನ ಹತ್ತಿರ ರೆಕಾರ್ಡಿಂಗ್ ಮೆಷಿನಿನ ಹಳೇ ಮೆಮೊರಿ ಕಾರ್ಡ್ ಒಂದು ಉಳಿದಿತ್ತು. ಅದರಲ್ಲಿ ಮೂರನೇ ದಿನದ ರೆಕಾರ್ಡು, ಕತ್ತರಿಸದೆ ಇದ್ದದ್ದು. ಹಾಡಿನ ಮಧ್ಯೆ ಆಡಿದ ಮಾತೂ ಅದರಲ್ಲಿ ಉಂಟು. ಹೆಡ್‌ಫೋನು ಹಾಕಿ ಓಡಿಸುತ್ತಾ ಹೋದೆ. ಐದನೇ ಗಂಟೆಯ ಕೊನೆಯಲ್ಲಿ ಅಮ್ಮನ ಸ್ವರ ಸಿಕ್ಕಿತು. "ಸಾಕು ಶೈಲೇಶ, ಅಜ್ಜಿಯ ಕಾಲು ನೋಡು." ಆಮೇಲೆ ಅಣ್ಣನ ಸ್ವರ. "ಇನ್ನೊಂದೇ ಅಮ್ಮ."

ಹೆಡ್‌ಫೋನು ಕಿತ್ತು ಬಿಸಾಡಿದೆ. ಮುಂದೆ ಕೇಳುವ ತಾಳ್ಮೆ ನನಗಿರಲಿಲ್ಲ. "ಅಲ್ಲಿಂದ ಕೊನೆಯವರೆಗೆ ನನ್ನ ಮೊಬೈಲಿಗೆ ಹಾಕಿಕೊಡು," ಎಂದೆ.

"ಎಂತ ಮಾಡುತ್ತಿ?" ಎಂದ ಕಾರ್ಲ್.

"ಬಿಡುಗಡೆ," ಎಂದೆ.

ಹನ್ನೆರಡನೇ ತಾರೀಕು. ಅಣ್ಣ ಮುಂಬಯಿಯಿಂದ ಬಂದಿದ್ದ, ಹೊಸ ಶೂ ಹಾಕಿಕೊಂಡು. ವಾರಿಜತ್ತೆ, ಅವರ ಗಂಡ, ಇನ್ನು ಎಂಟು ಹತ್ತು ಮಂದಿ. ಅಮ್ಮ ಬೆಳಗಿನ ಜಾವಕ್ಕೇ ಎದ್ದು ಒಬ್ಬಳೇ ಅಡುಗೆ ಮಾಡಿದ್ದಳು. ಕೋರಿ ಸುಕ್ಕ, ಬಂಗುಡೆ ಪುಳಿಮುಂಚಿ, ಪುಂಡಿ, ಪಾಯಸ. ಒಳಕೋಣೆಯಲ್ಲಿ ಅಜ್ಜಿಗೆ ಎಲೆ ಹಾಕಿ ಬಡಿಸಿದರು, ಅಡಿಕೆ ಕುಟ್ಟುವ ಕಲ್ಲನ್ನೂ ಪಕ್ಕಕ್ಕಿಟ್ಟರು. ಬಾಗಿಲು ಎಳೆದುಕೊಂಡು ಎಲ್ಲರೂ ಚಾವಡಿಗೆ ಬಂದು ಕೂತರು. ಸತ್ತ ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಮಾತಾಡಬಾರದು.

ನಾನು ಸ್ಯಾಮ್ಸನ್ ಅವರಲ್ಲಿಂದ ತಂದ ಸ್ಪೀಕರಿನ ವಯರು ಮೊಬೈಲಿಗೆ ಚುಚ್ಚಿದೆ.

"ಎಂತ ಅದು?" ಎಂದರು ಅಪ್ಪ, ಮೆಲ್ಲಗೆ.

"ಅಜ್ಜಿಯ ಸ್ವರ. ಅತ್ತೆ ಕೇಳಲಿ. ಎಲ್ಲರೂ ಕೇಳಲಿ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. "ಬೇಡ ಸುಕೇಶ."

"ನೀನು ಸುಮ್ಮನಿರಮ್ಮ."

"ನಿನಗೆ ಕೈ ಮುಗಿಯುತ್ತೇನೆ, ಹಾಕಬೇಡ."

ಯಾರಿಗೆ ಹೆದರುತ್ತಿದ್ದಾಳೆ ಇವಳು ಎಂದು ನನಗೆ ಇನ್ನೂ ರೋಷ ಬಂತು. ಒತ್ತಿದೆ.

ಮೊದಲು ನೀರಿನ ಶಬ್ದ. ಆಮೇಲೆ ಅಮ್ಮನ ಸ್ವರ, ಚಾವಡಿ ತುಂಬ. "ಸಾಕು ಶೈಲೇಶ, ಅಜ್ಜಿಯ ಕಾಲು ನೋಡು, ಸತ್ತ ಮೀನಿನ ಹಾಗೆ ಆಗಿದೆ."

"ಇನ್ನೊಂದೇ ಅಮ್ಮ."

"ಅವರಿಗೆ ಚಳಿ ಹಿಡಿದಿದೆ. ನಿನಗೆ ಕಣ್ಣು ಕಾಣುವುದಿಲ್ಲವಾ?"

ವಾರಿಜತ್ತೆಯ ತಲೆ ನಿಧಾನವಾಗಿ ಅಣ್ಣನ ಕಡೆಗೆ ತಿರುಗಿತು. ಅಣ್ಣ ಶೂ ನೋಡಿಕೊಂಡ. ನಾನು ನಗುತ್ತಿದ್ದೆ. ನಿಜ ಹೇಳುತ್ತೇನೆ, ಹಲ್ಲು ಕಾಣುವ ಹಾಗೆ ನಗುತ್ತಿದ್ದೆ.

ಸ್ಪೀಕರಿನಲ್ಲಿ ಅಣ್ಣನ ಉಸಿರು ಕೇಳಿತು. "ಸರಿ, ಕಾಲು ತೆಗೆಸು. ನಾಳೆ ಮಾಡುವ."

ನನ್ನ ನಗು ಅಲ್ಲಿಯೇ ಸಿಕ್ಕಿಹಾಕಿಕೊಂಡಿತು. ಮುಂದಿನದ್ದು ಬರುವ ಮೊದಲೇ ನನಗೆ ಗೊತ್ತಾಯಿತು. ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ಆ ನೆನಪಿನ ಕಡೆಗೆ ನಾನು ಹೋಗಿರಲಿಲ್ಲ, ಅಷ್ಟೇ. ಕೈ ಚಾಚಿದೆ, ಮೊಬೈಲಿಗೆ ಮುಟ್ಟಲಿಲ್ಲ.

ಮೈಕಿನ ಹತ್ತಿರವೇ ಕೂತವನ ಸ್ವರ, ಎಲ್ಲರಿಗಿಂತ ಗಟ್ಟಿ. "ಎಂತ ನಾಳೆ? ನಾಳೆ ಸ್ಯಾಮ್ಸನ್ ಅವರಲ್ಲಿ ನನಗೆ ರಜೆ ಸಿಗುವುದಿಲ್ಲ. ಮೈಕಿನ ಲೆವೆಲ್ ಈಗ ಸಿಕ್ಕಿದೆ. ಅಮ್ಮ, ನೀನು ಮಧ್ಯೆ ಬಾಯಿ ಹಾಕಬೇಡ, ಒಳಗೆ ಹೋಗು. ಅಜ್ಜಿ, ಕಾಲು ಅಲ್ಲಾಡಿಸಿ. ಇನ್ನೂ ಜೋರು. ನನಗೆ ನೀರಿನ ಶಬ್ದ ಬೇಕು."

ಚುಳು, ಚುಳು. ಅಜ್ಜಿ ಹಾಡು ಎತ್ತಿದಳು.

ನಾನು ವಯರಿಗೆ ಕೈ ಹಾಕಿದೆ.

"ನಿಲ್ಲಿಸಬೇಡ," ಎಂದರು ವಾರಿಜತ್ತೆ. "ಅಮ್ಮ ಮಧ್ಯದಲ್ಲಿ ಬಿಟ್ಟವರಲ್ಲ."

ಹನ್ನೊಂದು ನಿಮಿಷ. ಸ್ಪೀಕರಿನ ಪಕ್ಕದಲ್ಲಿ ನಿಂತೇ ಇದ್ದೆ. ಕೂರಲು ಯಾರೂ ಹೇಳಲಿಲ್ಲ. ಯಾರೂ ನನ್ನನ್ನು ನೋಡಲಿಲ್ಲ ಕೂಡ. ನಡುವೆ ಎರಡು ಸಲ ಅಜ್ಜಿಯ ಹಲ್ಲು ಕಟಕಟ ಎಂದದ್ದು ಚೆನ್ನಾಗಿ ಕೇಳಿತು. ಒಳ್ಳೆಯ ರೆಕಾರ್ಡಿಂಗ್.

ಮುಗಿದ ಮೇಲೆ ಅಪ್ಪ ಎದ್ದು ಒಳಕೋಣೆಯ ಬಾಗಿಲು ತೆರೆದರು. ಎಲೆ ಹಾಕಿದರು. ವಾರಿಜತ್ತೆ ಪಂಕ್ತಿಗೆ ಕೂರದೆ ಅಡುಗೆಮನೆಗೆ ಹೋದರು. ಅಮ್ಮನ ಕೈಯಿಂದ ಸೌಟು ತೆಗೆದುಕೊಂಡರು.

"ಅತ್ತಿಗೆ, ಬಯಕೆ ಇಪ್ಪತ್ತಮೂರಕ್ಕೆ. ಹಿಂದಿನ ದಿನವೇ ಬನ್ನಿ. ಬಳೆ ಹಾಕಿಕೊಂಡು ಬನ್ನಿ," ಎಂದರು. ಆಮೇಲೆ ಸೌಟು ಹಿಡಿದೇ ಅತ್ತರು. ಅಮ್ಮ, "ಸುಕ್ಕ ತಣಿಯುತ್ತದೆ," ಎಂದಳು.

ಅಣ್ಣ ಉಣ್ಣದೆ ಸಂಜೆಯ ಬಸ್ಸಿಗೆ ಹೊರಟ. ಹೋಗುವಾಗ ನನ್ನ ಹೆಗಲಿಗೆ ಕೈ ಇಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ಅಮ್ಮ ನನಗೆ ಬಟ್ಟಲು ಇಟ್ಟಳು. ತುತ್ತು ಕಲಸಿದೆ. ಹಾಗೇ ಬಿಟ್ಟೆ.

"ನಿನಗೆ ನೆನಪಿತ್ತಾ?" ಎಂದು ಕೇಳಿದೆ.

"ಅಲ್ಲೇ ನಿಂತಿದ್ದೆನಲ್ಲ. ನನಗೇನು ಕಿವಿ ಇಲ್ಲವಾ?"

"ಮತ್ತೆ ಯಾಕೆ ಹೇಳಲಿಲ್ಲ? ಒಂದು ವರ್ಷ!"

ಅಮ್ಮ ಪಾತ್ರೆಗಳನ್ನು ಒಟ್ಟು ಮಾಡುತ್ತಿದ್ದಳು. "ಶೈಲೇಶನಿಗೆ ಹೋಗಲು ಮುಂಬಯಿ ಉಂಟು. ನಿನ್ನ ಹೆಸರು ಹಾಳಾದರೆ ನಿನಗೆ ಎಲ್ಲಿಗೆ ಹೋಗಲು ಉಂಟು ಮಗ? ನನಗಾದರೆ ಪ್ರಾಯ ಆಯಿತು." ಆಮೇಲೆ ಬಟ್ಟಲು ನೋಡಿ, "ಉಣ್ಣುವುದಾದರೆ ಉಣ್ಣು, ಇಲ್ಲದಿದ್ದರೆ ಏಳು. ತೊಳೆಯಲಿಕ್ಕೆ ರಾಶಿ ಉಂಟು," ಎಂದಳು.

ಎದ್ದೆ. ಅವಳು ಹಿತ್ತಿಲಿನಲ್ಲಿ ಪಾತ್ರೆಗಳನ್ನು ತುಂಬಿಸಿ ನೀರು ಹೊಯ್ದಿದ್ದಳು. ಅದೇ ನೀಲಿ ಟಬ್ಬು. ಬಿಸಾಡಲಿಲ್ಲ ಅವಳು, ಒಂದು ವರ್ಷ ಅದರಲ್ಲಿಯೇ ನಮ್ಮೆಲ್ಲರ ಬಟ್ಟೆ ನೆನೆಸಿದ್ದಳು.

"ಭಾರ ಉಂಟು. ಆ ಕಡೆ ಹಿಡಿ," ಎಂದಳು.

ಕೈ ಮುಂದೆ ಹೋಗಲಿಲ್ಲ. ಅವಳು ಬಗ್ಗಿಯೇ ಕಾದಳು.

ಹಿಡಿದೆ. ನೀರು ತುಳುಕಿ ನನ್ನ ಪಾದದ ಮೇಲೆ ಚೆಲ್ಲಿತು. ತುಂಬ ತಣ್ಣಗಿತ್ತು.